ಕೆಳಗಿನ ಮನೆಯ ಅಜ್ಜಿಯ ಓಣಿ

ಹೋದ ತಿಂಗಳು ಲಂಡನ್ನಿನ ಅಂಚಿನ ಕ್ರೋಯ್ಡನ್ನಿನ ಹಳೆಯ ಭಾಗದಲ್ಲಿ ಒಂದು ಚರ್ಚಿನ ಹಿಂದಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಬಣ್ಣವಲ್ಲ, ಸುಣ್ಣವೇ. ತರಕಾರಿ ಚೀಲ ಹಿಡಿದು ಟ್ರಾಮ್ ಇಳಿದು ಬರುತ್ತಿದ್ದವಳು ಆ ವಾಸನೆಗೆ ಹಾಗೇ ನಿಂತುಬಿಟ್ಟೆ. ಹಸಿ ಸುಣ್ಣದ ವಾಸನೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೂ ತಿಳಿಯುವುದಿಲ್ಲ. ನೆನೆದ ಕಲ್ಲಿನ ಹಾಗೆ ತಣ್ಣಗೆ, ಜೊತೆಗೆ ಮೂಗಿನ ತುದಿಗೆ ಸ್ವಲ್ಪ ಚುರುಕು. ಧಾರವಾಡದ ನಮ್ಮ ಮನೆಯಲ್ಲಿ ದಸರೆಗೆ ಮುಂಚೆ ಇದೇ ವಾಸನೆ ಇರುತ್ತಿತ್ತು. ಆದರೆ ಆ ದಿನ ನನಗೆ ನೆನಪಾದದ್ದು ಧಾರವಾಡವಲ್ಲ. ಸ್ಪೇನ್ ದೇಶದ ಒಂದು ಓಣಿ, ಮತ್ತು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ ಕೆಳಗಿನ ಮನೆಯ ಅಜ್ಜಿ.

ತೊಂಬತ್ತರ ದಶಕದ ನಡುವೆ ನಾವು ಕ್ರೋಯ್ಡನ್ನಿಗೆ ಬಂದೆವು. ನಮ್ಮನೆಯವರಿಗೆ ಆಸ್ಪತ್ರೆಯ ಕೆಲಸ, ಮಗಳಿಗೆ ನಾಲ್ಕು ವರ್ಷ, ನನಗೆ ಮಾಡಲು ಅಂಥ ಕೆಲಸವೇನೂ ಇರಲಿಲ್ಲ. ಮೊದಲ ಮಹಡಿಯ ಫ್ಲ್ಯಾಟು ನಮ್ಮದು. ಅದರ ಕೆಳಗಿನದು ಆ ಅಜ್ಜಿಯದು. ಆಗ ಅವರಿಗೆ ಅರವತ್ತೈದರ ಮೇಲಾಗಿತ್ತು. ಸ್ಪೇನಿನ ಕೊರ್ದೊಬಾ ಊರಿನವರು. ಹರೆಯದಲ್ಲೇ ಲಂಡನ್ನಿಗೆ ಬಂದು, ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತು ವರ್ಷ ದುಡಿದಿದ್ದರು. ಬಸ್ ಓಡಿಸುತ್ತಿದ್ದ ಗಂಡ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. "ಒದ್ದೆ ಚಾದರ ಎಂದರೆ ಹೆಣದ ಭಾರ" ಎನ್ನುತ್ತಿದ್ದರು. ನನ್ನನ್ನು 'ಈಹ' ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ಮಗಳೇ ಎಂದು. ನನ್ನ ಮಗಳು ಅವರನ್ನು ಮೊದಲ ವಾರವೇ ಅಜ್ಜಿ ಅಂದಳು, ಅವರೂ ಓಗೊಟ್ಟರು. ನನಗೂ ಅದೇ ರೂಢಿಯಾಯಿತು.

ಅಜ್ಜಿಗೆ ಓದಲು ಬರುವುದಿಲ್ಲ ಎಂದು ನನಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಕೌನ್ಸಿಲ್ಲಿನಿಂದ, ಅಂದರೆ ಮನೆ ಕೊಟ್ಟಿದ್ದ ನಗರಸಭೆಯಿಂದ, ಕಾಗದ ಬಂದರೆ ಮೇಲೆ ಹತ್ತಿ ಬರುತ್ತಿದ್ದರು. "ಈಹ, ಕನ್ನಡಕ ಎಲ್ಲಿಟ್ಟೆನೋ ಕಾಣೆ, ಇದೇನು ನೋಡು." ಕನ್ನಡಕ ಎದೆಯ ಮೇಲೆ ದಾರದಲ್ಲಿ ತೂಗುತ್ತಿರುತ್ತಿತ್ತು. ನಮ್ಮ ಆಯಿ, ಅಂದರೆ ನನ್ನ ತಂದೆಯ ತಾಯಿ, ಹೀಗೆಯೇ ಮಾಡುತ್ತಿದ್ದಳು. ಅವಳಿಗೂ ಅಕ್ಷರ ಬರುತ್ತಿರಲಿಲ್ಲ. ಶಾಲೆಯಿಂದ ಬಂದವಳನ್ನು ಕಟ್ಟೆಯ ಮೇಲೆ ಕೂರಿಸಿ ದಿನಪತ್ರಿಕೆ ಓದಿಸುತ್ತಿದ್ದಳು, ತೀರಿಕೊಂಡವರ ಜಾಹೀರಾತೂ ಬಿಡುವಂತಿರಲಿಲ್ಲ. ಮೆಲ್ಲಗೆ ಓದಿದರೆ ಬೈಗುಳ: "ಬಾಯಿಬಿಟ್ಟು ಓದ! ಯಾರಪ್ಪನ ಹೆದರಿಕಿ ನಿನಗ?" ಹಾಗಾಗಿ ಓದುವುದೆಂದರೆ ಗಟ್ಟಿಯಾಗಿ ಓದುವುದು ಎಂದೇ ನಾನು ಕಲಿತದ್ದು. ಕೆಳಗಿನ ಮನೆಯ ಅಜ್ಜಿಯ ಕನ್ನಡಕದ ವಿಚಾರ ನಾನು ಒಮ್ಮೆಯೂ ಎತ್ತಲಿಲ್ಲ. ಆಯಿಯ ಎದುರು ಎತ್ತುತ್ತಿದ್ದೆನೇ?

ಎರಡು ಮೂರು ವರ್ಷ ಹೀಗೇ ನಡೆಯಿತು. ಒಂದು ಸಂಜೆ ಅಜ್ಜಿ ನನ್ನನ್ನು ಕೆಳಗೆ ಕರೆದರು. ಅಡುಗೆಮನೆಯ ಮೇಜಿನ ಮೇಲೆ ಕಾಗದಗಳ ಕಟ್ಟು ಇತ್ತು. ಹದಿನೈದೋ ಹದಿನಾರೋ... ಒಂದನ್ನೂ ಒಡೆದಿರಲಿಲ್ಲ. ಎಲ್ಲದರ ಮೇಲೂ ಒಂದೇ ದುಂಡಗಿನ ಅಕ್ಷರ.

ಅವತ್ತು ಅಜ್ಜಿ ಹೇಳಿದ ಕಥೆ ಇಷ್ಟು. ಕೊರ್ದೊಬಾದ ಹಳೆಯ ಪೇಟೆಯ ಒಂದು ಓಣಿಯಲ್ಲಿ ಅವರ ಮನೆ. ಮನೆಯೆಂದರೆ ನಡುವೆ ಒಂದು ಅಂಗಳ, ಸುತ್ತ ಕೋಣೆಗಳು, ಕೋಣೆಗೊಂದು ಸಂಸಾರ, ಎಲ್ಲರಿಗೂ ಒಂದೇ ಬಾವಿ. ಪಕ್ಕದ ಕೋಣೆಯಲ್ಲಿ ಓರಗೆಯ ಗೆಳತಿ. ಆಕೆ ಶಾಲೆಗೆ ಹೋಗಿದ್ದಳು, ಇವರು ಹೋಗಿರಲಿಲ್ಲ. ಇದ್ದಿಲು ಹಿಡಿದು ಅಂಗಳದ ಬಿಳಿ ಗೋಡೆಯ ಮೇಲೆ ಅಕ್ಷರ ಕಲಿಸಲು ಆಕೆ ಪಟ್ಟ ಪಾಡಿನಿಂದ ಗೋಡೆ ಹಾಳಾದದ್ದಷ್ಟೇ ಬಂತು. ಮುಂದೆ ಇವರು ಲಂಡನ್ನಿಗೆ ಬಂದರು. ಕೆಲಸದ ಕೋಣೆಯಲ್ಲಿ ಜೊತೆಗಿದ್ದ ಇನ್ನೊಬ್ಬ ಸ್ಪೇನಿನ ಹೆಂಗಸು ಇವರ ಪರವಾಗಿ ಗೆಳತಿಗೆ ಕಾಗದ ಬರೆದಳು. ಆ ಮೊದಲ ಕಾಗದದಲ್ಲೇ ಅಜ್ಜಿ ಒಂದು ಸುಳ್ಳು ಹೇಳಿಸಿದರು: 'ನೋಡು, ಇಲ್ಲಿ ಸಂಜೆ ಶಾಲೆಗೆ ಹೋಗಿ ಕಲಿತೆ. ಇದು ನನ್ನದೇ ಕೈಬರಹ.' ಗೆಳತಿ ಸಂತೋಷದಿಂದ ನಾಲ್ಕು ಪುಟ ಬರೆದಳಂತೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಸುಳ್ಳು ಸುಖವಾಗಿ ಬದುಕಿತು. ಆಮೇಲೆ ಬರೆದುಕೊಡುತ್ತಿದ್ದ ಹೆಂಗಸು ನಿವೃತ್ತಳಾಗಿ ತನ್ನ ಊರಿಗೆ ಹೋದಳು.

"ಬೇರೆಯವರ ಕೈಲಿ ಬರೆಸಿದರೆ ಅಕ್ಷರ ಬೇರೆಯಾಗುತ್ತದೆ. ಅವಳಿಗೆ ಗೊತ್ತಾಗಿಬಿಡುತ್ತದೆ" ಎಂದರು ಅಜ್ಜಿ. ಹಾಗಾಗಿ ಬರೆಸಲೇ ಇಲ್ಲ. ಬಂದ ಕಾಗದ ಒಡೆಯಲೂ ಇಲ್ಲ. ಒಡೆದರೆ ಉತ್ತರ ಕೊಡಬೇಕಲ್ಲ? ಹತ್ತು ವರ್ಷದ ಹತ್ತಿರ ಹೀಗೆ ಕಳೆದಿತ್ತು. ಕೊನೆಯ ಕಾಗದ ಬಂದು ಮೂರು ವರ್ಷವಾಗಿತ್ತು. ಆಮೇಲೆ ಅಲ್ಲಿಂದಲೂ ಸದ್ದಿಲ್ಲ.

"ಈಗ ಯಾಕೆ ತೆಗೆದಿರಿ?" ಎಂದೆ.

"ಅವಳು ಇದ್ದಾಳೋ ಇಲ್ಲವೋ ಎಂದು ರಾತ್ರಿಯೆಲ್ಲ ಯೋಚನೆ" ಎಂದರು. "ನನಗೂ ಎಪ್ಪತ್ತಾಗುತ್ತಾ ಬಂತು. ಓದು."

ನನಗೆ ಆ ಭಾಷೆ ಒಂದಕ್ಷರ ಗೊತ್ತಿರಲಿಲ್ಲ. ಅದನ್ನು ಹೇಳಿದೆ. ಅಜ್ಜಿ ಕೈ ಬೀಸಿದರು. "ನೀನು ಸುಮ್ಮನೆ ಶಬ್ದ ಮಾಡು. ಅರ್ಥ ನನ್ನ ಕೆಲಸ."

ಹೀಗೆ ನಮ್ಮ ಓದು ಶುರುವಾಯಿತು. ಇಂಗ್ಲಿಷಿನ ಹಾಗೆ ಬರೆಯುವುದೊಂದು ಓದುವುದೊಂದು ಎಂಬ ಕಾಟ ಅದರಲ್ಲಿಲ್ಲ. ನಾನು ತಪ್ಪಾಗಿ ಅಂದದ್ದನ್ನು ಅಜ್ಜಿ ಸರಿಯಾಗಿ ಅಂದು ತೋರಿಸುತ್ತಿದ್ದರು, ನಾನು ಗುರುತು ಹಾಕಿಕೊಳ್ಳುತ್ತಿದ್ದೆ. 'ಜೆ' ಬಂದಲ್ಲಿ ಹ. 'ಎಚ್' ಬಂದಲ್ಲಿ ಏನೂ ಕಾಣದವರ ಹಾಗೆ ಮುಂದೆ ಹೋಗುವುದು. ತಲೆಯ ಮೇಲೆ ಗೆರೆ ಹೊತ್ತ 'ಎನ್' ಬಂದರೆ ಅದು ನಮ್ಮ ಞ. ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ಆ ಅಕ್ಷರಕ್ಕೆ ಕ್ರೋಯ್ಡನ್ನಿನಲ್ಲಿ ಉದ್ಯೋಗ ಸಿಕ್ಕಿತು. ಒಂದೇ ತಿಂಗಳಿಗೆ ನಾನು ಸರಾಗವಾಗಿ ಓದತೊಡಗಿದೆ. ಏನು ಓದುತ್ತಿದ್ದೇನೆಂದು ನನಗೆ ತಿಳಿಯದು, ಏನು ಬರೆದಿದೆಯೆಂದು ಅಜ್ಜಿಗೆ ಕಾಣದು. ಇಬ್ಬರೂ ಕೂತರೆ ಒಬ್ಬ ಓದುಗ.

ನಮ್ಮನೆಯವರಿಗೆ ಇದೊಂದು ತಮಾಷೆ. "ಏನಿದು ಸಂಜೀಕ ಮಂತ್ರಾ? ಒಂದಕ್ಷರ ಅರ್ಥ ತಿಳೀದು, ಓದೂದು ಮಾತ್ರ ಭಟ್ಟರಗತೆ!"

"ನಮ್ಮ ಲಗ್ನದ ಭಟ್ಟರಿಗೂ ಅರ್ಥ ಗೊತ್ತಿರಲಿಲ್ರಿ" ಎಂದೆ. "ಆದ್ರೂ ಲಗ್ನ ಆತಲ್ಲ?"

ಮಗಳು ತನ್ನ ಹೋಮ್‌ವರ್ಕಿನಿಂದ ತಲೆಯೆತ್ತಿ, "ಅಮ್ಮ, ಯು ಸೌಂಡ್ ಲೈಕ್ ದ ಟ್ರೇನ್ ಅನೌನ್ಸ್‌ಮೆಂಟ್" ಎಂದು ಸೇರಿಸಿದಳು. ಅವಳು ಕನ್ನಡವನ್ನು ಕೇಳುತ್ತಿದ್ದಳೇ ಹೊರತು ಆಡುತ್ತಿರಲಿಲ್ಲ.

ಕಾಗದಗಳಲ್ಲಿ ಇದ್ದದ್ದು ಊರ ಸುದ್ದಿ. ಯಾರ ಮಗಳು ಯಾರನ್ನು ಮದುವೆಯಾದಳು, ಅಂಗಳದ ಬಾವಿಗೆ ಕಬ್ಬಿಣದ ಜಾಲರಿ ಹಾಕಿದರು, ಓಣಿಯಲ್ಲಿ ಪ್ರವಾಸಿಗರ ಕಾಟ. ಅಜ್ಜಿ ನಕ್ಕಾಗ ನಾನೂ ನಗುತ್ತಿದ್ದೆ. ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಇನ್ನೊಮ್ಮೆ ನಗುತ್ತಿದ್ದೆ. ಹೀಗೆ ಹತ್ತೋ ಹನ್ನೊಂದೋ ಕಾಗದ ಮುಗಿದವು. ಆವತ್ತಿನದು ಸಣ್ಣ ಕಾಗದ, ಒಂದೇ ಪುಟ. ನನಗೆ ಆಗ ಓದಿನ ಹುಮ್ಮಸ್ಸು ಬಂದುಬಿಟ್ಟಿತ್ತು. ಎಲ್ಲಿ ನಿಲ್ಲಬೇಕು, ಎಲ್ಲಿ ಏರಿಸಬೇಕು ಎಂದು ನಾನೇ ನಿರ್ಧರಿಸಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಭಾಷಣ ಓದಿದ ಹಾಗೆ, ಮುಖದ ತುಂಬ ಕಳೆ ತುಂಬಿಕೊಂಡು ಗಟ್ಟಿಯಾಗಿ ಓದಿದೆ. ಮೂರು ಸಾಲಾಗುವಷ್ಟರಲ್ಲಿ ಅಜ್ಜಿ ಎದ್ದು ಒಲೆ ಆರಿಸಿದರು. ಒಲೆಯ ಮೇಲೆ ಏನಿತ್ತೋ... ಬೆನ್ನು ನನ್ನ ಕಡೆಗಿತ್ತು. ನಾನು ನಿಲ್ಲಿಸಿದೆ.

"ಓದು" ಎಂದರು.

ಪೂರ್ತಿ ಓದಿದೆ. ಈ ಸಲ ಮೆಲ್ಲಗೆ. ಆದರೆ ಆಗಬೇಕಾದದ್ದು ಆಗಿಹೋಗಿತ್ತು. ಗೆಳತಿಯ ಗಂಡ ತೀರಿಕೊಂಡಿದ್ದ. ಅದೇ ಓಣಿಯ ಹುಡುಗ, ಅಜ್ಜಿಗೂ ಚಿಕ್ಕಂದಿನಿಂದ ಗೊತ್ತಿದ್ದವನು. 'ಅವನ ಹರೆಯ ಕಂಡವರು ಈಗ ನೀನೊಬ್ಬಳೇ ಉಳಿದದ್ದು. ಎರಡು ಸಾಲು ಬರೆ' ಎಂದಿತ್ತಂತೆ. ಆ ಸಾವನ್ನು ನಾನು ನಗುನಗುತ್ತಾ ಓದಿದ್ದೆ. ನಾನು ಕ್ಷಮೆ ಕೇಳಿದೆನೋ ಇಲ್ಲವೋ ನೆನಪಿಲ್ಲ. ಕಾಗದದ ಮೇಲಿನ ಮುದ್ರೆ ನೋಡಿದರೆ ಅದು ಬಂದು ಐದು ವರ್ಷವಾಗಿತ್ತು. ಐದು ವರ್ಷ ಆ ಹೆಂಗಸು ಎರಡು ಸಾಲಿಗಾಗಿ ಕಾದಿದ್ದಳು, ಅಥವಾ ಕಾಯುವುದನ್ನು ಬಿಟ್ಟಿದ್ದಳು.

"ಈಗಲೇ ಬರೆಯೋಣ, ನೀವು ಹೇಳಿ" ಎಂದೆ.

ಅಜ್ಜಿ ತಲೆಯಾಡಿಸಿದರು. "ನಿನ್ನ ಅಕ್ಷರದಲ್ಲಿ ಹೋದರೆ, ಸುಳ್ಳು ಹೇಳಿದ್ದೆ ಎಂದು ಅವಳಿಗೆ ಕಾಗದ ಹೇಳಿದಂತಾಗುತ್ತದೆ. ಅದನ್ನು ನಾನೇ ಹೇಳಬೇಕು, ಎದುರು ನಿಂತು. ನೀನೂ ಬಾ. ಒಬ್ಬಳೇ ಹೋದರೆ ಓಣಿಯ ಬಾಯಿಂದಲೇ ಹಿಂತಿರುಗುತ್ತೇನೆ. ನನ್ನ ಕಾಲು ನನಗೆ ಗೊತ್ತು."

ಹೋಗಲು ಒಂದು ವರ್ಷ ಹಿಡಿಯಿತು. ಆಗಿನ್ನೂ ನಮ್ಮದು ಭಾರತದ ಪಾಸ್‌ಪೋರ್ಟು, ವೀಸಾ ಬೇಕು. ಕಾರಣ ಕೇಳಿದ ಗುಮಾಸ್ತೆಗೆ "ಪಕ್ಕದ ಮನೆಯವರ ಓಣಿ ನೋಡಲು" ಎಂದೆ. ಆಕೆ ನನ್ನನ್ನು ಎರಡು ಸಲ ನೋಡಿ, ಪ್ರವಾಸ ಎಂದು ಬರೆದುಕೊಂಡಳು. ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ವಸಂತದಲ್ಲಿ ಗ್ಯಾಟ್‌ವಿಕ್‌ನಿಂದ ವಿಮಾನ ಹತ್ತಿದೆವು. ಮಗಳನ್ನು ನಮ್ಮನೆಯವರು ನೋಡಿಕೊಂಡರು. "ಹೋಗಿ ಬಾ. ಆದ್ರ ಅಲ್ಲಿ ಎಲ್ಲಾರ ಮುಂದ ಗಟ್ಟ್ಯಾಗಿ ಓದಬ್ಯಾಡ" ಎಂದು ಎಚ್ಚರಿಸಿ ಕಳಿಸಿದರು.

ಮಾಲಗಾದಲ್ಲಿ ಇಳಿದು ಬಸ್ಸು. ಬಸ್ಸಿನುದ್ದಕ್ಕೂ ಆಲಿವ್ ತೋಟ, ಬೇರೇನೂ ಇಲ್ಲ. ಅಜ್ಜಿಯ ಕೈಯಲ್ಲಿ ಗೆಳತಿಗೆಂದು ತೆಗೆದುಕೊಂಡ ಚಹಾಪುಡಿಯ ಡಬ್ಬಿ ಇತ್ತು. ಅದನ್ನು ಬಸ್ಸಿನ ಮೇಲಿನ ಹಲಗೆಯ ಮೇಲಿಡಲು ಒಪ್ಪದೆ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಆಕೆ ಬದುಕಿಲ್ಲದಿದ್ದರೆ ಈ ಡಬ್ಬಿ ಯಾರಿಗೆ ಎಂದು ನಾನು ಕೇಳಲಿಲ್ಲ.

ಕೊರ್ದೊಬಾದ ಹಳೆಯ ಪೇಟೆಗೆ ಕಾಲಿಟ್ಟಾಗ ಮರುದಿನ ಬೆಳಗಿನ ಹನ್ನೊಂದು ಗಂಟೆ. ಒಂದು ಕಾಲಕ್ಕೆ ಮಸೀದಿಯಾಗಿದ್ದು ಈಗ ಚರ್ಚಾಗಿರುವ ಆ ದೊಡ್ಡ ಕಟ್ಟಡದ ಹಿಂದೆ ಓಣಿಗಳ ಗೋಜಲು. ಬೀದಿಬದಿಯ ಕಿತ್ತಳೆ ಮರಗಳೆಲ್ಲ ಹೂಬಿಟ್ಟಿದ್ದವು. ತಲೆನೋವು ಬರಿಸುವಷ್ಟು ಪರಿಮಳ. ಅಜ್ಜಿ ಮುಂದೆ, ನಾನು ಹಿಂದೆ. ನಲವತ್ತು ವರ್ಷದ ಮೇಲೆ ಬಂದವರು ಎಲ್ಲಿಯೂ ದಾರಿ ಕೇಳಲಿಲ್ಲ. ತಿರುವಿನ ಮೂಲೆಗಳಲ್ಲಿ ಹಳೆಯ ಕಲ್ಲಿನ ಕಂಬಗಳನ್ನು ಗೋಡೆಗೆ ಸೇರಿಸಿ ಹೂಳಿದ್ದರು. ಗಾಡಿಯ ಚಕ್ರ ತಾಗಿ ಗೋಡೆ ಕೆಡದಿರಲೆಂದು. "ಆ ಕಂಬ ಕಂಡರೆ ಎಡಕ್ಕೆ" ಎಂದು ತಮಗೆ ತಾವೇ ಹೇಳಿಕೊಂಡು ತಿರುಗಿದರು.

ಓಣಿ ನಾನು ಎಣಿಸಿದ್ದಕ್ಕಿಂತ ಚಿಕ್ಕದಿತ್ತು. ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟಬಹುದು. ಒಂದಿಷ್ಟು ದೂರ ಹೋಗಿ, ಡೊಂಕಾಗಿ, ಕಾರಂಜಿಯಿದ್ದ ಪುಟ್ಟ ಚೌಕದಲ್ಲಿ ಮುಗಿದುಹೋಗುತ್ತದೆ. ಮುಂದೆ ದಾರಿಯಿಲ್ಲ. ಗೋಡೆಯ ತುಂಬ ನೀಲಿ ಕುಂಡಗಳು, ಕೆಂಪು ಹೂ. ಓಣಿಯ ಬಾಯಲ್ಲೇ ಪೋಸ್ಟ್‌ಕಾರ್ಡಿನ ಅಂಗಡಿ, ಅದರಾಚೆ ಐಸ್‌ಕ್ರೀಮಿನದು. ಕೊಡೆ ಎತ್ತಿಹಿಡಿದ ಗೈಡ್ ಒಬ್ಬ ಇಪ್ಪತ್ತು ಜನರನ್ನು ನಿಲ್ಲಿಸಿಕೊಂಡು ಇಂಗ್ಲಿಷಿನಲ್ಲಿ, ಸಾವಿರ ವರ್ಷದ ಹಿಂದೆ ಇಲ್ಲಿ ಪಂಡಿತರು ತತ್ವ ಚರ್ಚಿಸುತ್ತಾ ನಡೆದಾಡುತ್ತಿದ್ದರು ಎನ್ನುತ್ತಿದ್ದ.

"ನಾವು ಇಲ್ಲಿ ಮೂತ್ರದ ಬೋಗುಣಿ ತೊಳೆಯುತ್ತಿದ್ದೆವು" ಎಂದರು ಅಜ್ಜಿ, ಅವನಿಗೂ ಕೇಳುವ ಹಾಗೆ.

ಆಮೇಲೆ ಅವರು ಒಂದು ವಿಚಿತ್ರ ಕೆಲಸ ಮಾಡಿದರು. ಗೋಡೆಗೆ ಅಂಗೈ ಒತ್ತಿ, ತೆಗೆದು, ಅಂಗೈ ನೋಡಿಕೊಂಡರು. ನಾಲ್ಕು ಹೆಜ್ಜೆ ಮುಂದೆ ಹೋಗಿ ಇನ್ನೊಮ್ಮೆ. ಮತ್ತೊಮ್ಮೆ. ಮುಖ ಇಳಿಯುತ್ತಾ ಹೋಯಿತು. ಏನೆಂದು ಕೇಳಿದೆ. ಅಂಗೈ ತೋರಿಸಿದರು. ಏನೂ ಇರಲಿಲ್ಲ.

"ಬಣ್ಣ" ಎಂದರು. "ಡಬ್ಬಿಯ ಬಣ್ಣ. ನಮ್ಮ ಕಾಲದಲ್ಲಿ ಪ್ರತಿ ವಸಂತಕ್ಕೆ ಪ್ರತಿ ಮನೆಯವರು ತಮ್ಮ ತಮ್ಮ ಗೋಡೆಗೆ ಸುಣ್ಣ ಬಳಿಯಬೇಕು. ಓಣಿಯಲ್ಲಿ ನಡೆದರೆ ಭುಜ ಬೆಳ್ಳಗಾಗುತ್ತಿತ್ತು. ಈಗ ಯಾರೂ ಇಲ್ಲ. ಎಲ್ಲ ಅಂಗಡಿಯವರು, ಹೋಟೆಲಿನವರು."

ಸುಣ್ಣ ಕೈಗೆ ಹತ್ತುತ್ತದೆ, ಬಣ್ಣ ಹತ್ತುವುದಿಲ್ಲ. ಧಾರವಾಡದವಳಾಗಿ ನನಗೇ ಇದು ಹೊಳೆದಿರಲಿಲ್ಲ. ಅಲ್ಲಿಂದ ಮುಂದೆ ನಾನೂ ಬಲಗಡೆಯ ಗೋಡೆಗೆ ಕೈ ಒತ್ತುತ್ತಾ ನಡೆದೆ, ಎಡಗಡೆಯದು ಅಜ್ಜಿಯದು. ಕೊಡೆಯವನ ಗುಂಪಿನಲ್ಲಿ ಇಬ್ಬರು ನಮ್ಮನ್ನು ನೋಡಿ, ಇದೇನೋ ಪದ್ಧತಿಯಿರಬೇಕೆಂದು ತಾವೂ ಗೋಡೆಗೆ ಕೈ ಒತ್ತಿ ಅಂಗೈ ನೋಡಿಕೊಂಡರು.

ಡೊಂಕು ದಾಟಿದ ಮೇಲೆ ಅಜ್ಜಿ ನಿಂತರು. ಅವರ ಅಂಗೈ ಬೆಳ್ಳಗಿತ್ತು.

ಐದಾರು ಮಾರು ಗೋಡೆ ಅಷ್ಟೇ. ಪದರದ ಮೇಲೆ ಪದರ ಸುಣ್ಣ ಕೂತು ಮೂಲೆಗಳೆಲ್ಲ ದುಂಡಾಗಿದ್ದವು, ವಾಸನೆಯಿನ್ನೂ ಹಸಿಯಿತ್ತು. ಹಳೆಯ ಮರದ ಬಾಗಿಲು. ಅಜ್ಜಿ ಚಹಾಪುಡಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ತಿರುಗಿ ಹೊರಟೇಬಿಟ್ಟರು. ನಾನು ಅವರ ತೋಳು ಹಿಡಿದೆ. ಅದಕ್ಕೇ ತಾನೇ ನನ್ನನ್ನು ಕರೆತಂದದ್ದು! ಒಂದು ಕೈಯಲ್ಲಿ ಅಜ್ಜಿ, ಇನ್ನೊಂದರಲ್ಲಿ ಡಬ್ಬಿ. ಬಾಗಿಲನ್ನು ಡಬ್ಬಿಯಿಂದಲೇ ತಟ್ಟಿದೆ.

ಬಾಗಿಲು ತೆಗೆದವಳು ಕುಳ್ಳಗೆ, ಗುಂಡಗೆ, ಕಪ್ಪು ಉಡುಪು. ಕೈಯಲ್ಲಿ ಉದ್ದನೆಯ ಜೊಂಡಿನ ಕೋಲು, ಅದರ ತುದಿಗೆ ಕಟ್ಟಿದ ತಗಡಿನ ಡಬ್ಬಿ. ಮೇಲಿನ ಕುಂಡಗಳಿಗೆ ನೀರು ಹಾಕಲು ಆ ಊರಿನವರು ಮಾಡಿಕೊಳ್ಳುವ ಉಪಾಯ. ಆಕೆ ಅಜ್ಜಿಯನ್ನು ನೋಡಿದಳು. ಅಪ್ಪಿಕೊಳ್ಳುತ್ತಾಳೆ ಎಂದುಕೊಂಡೆ. ಇಲ್ಲ. ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದಳು.

ಇಬ್ಬರೂ ಮಾತಿಗೆ ನಿಂತರು. ನನಗೆ ಅರ್ಥವಾಗಲಿಲ್ಲ, ಆದರೆ ನಳದ ಮುಂದೆ ಕೊಡ ಹಿಡಿದು ನಿಂತ ಹೆಂಗಸರ ದನಿ ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಆಕೆ ಮೂರು ಮಾತಾಡಿದರೆ ಅಜ್ಜಿ ಅರ್ಧ. ಆಕೆಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಆ ಅರ್ಧವನ್ನೂ ಅಜ್ಜಿ ಕೂಗಿ ಹೇಳಬೇಕಾಗುತ್ತಿತ್ತು. ಕಡೆಗೆ ಆಕೆ ಒಳಗೆ ಹೋಗಿ ಮಡಚಿದ ಒಂದು ಕಾಗದ ತಂದಳು. ಅಜ್ಜಿಯ ಎದೆಗೆ ಒತ್ತಿ ಒಂದೇ ಪದ ಅಂದಳು: "ಲೇಏ." ಆ ಪದ ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದಿಂದ ಪ್ರತಿ ವಾರ ಅಜ್ಜಿ ನನಗೆ ಹೇಳುತ್ತಿದ್ದದ್ದು ಅದನ್ನೇ. ಓದು.

ಅಜ್ಜಿ ಕಾಗದ ಬಿಡಿಸಿದರು. ದೂರ ಹಿಡಿದರು. ಕನ್ನಡಕ ದಾರದಲ್ಲಿ ತೂಗುತ್ತಿತ್ತು. ಕನ್ನಡಕ ಮರೆತು ಬಂದೆ ಎನ್ನುತ್ತಾರೆ ಎಂದುಕೊಂಡೆ. ಅದೇ ಮಾತು ತುಟಿಯವರೆಗೆ ಬಂದದ್ದೂ ನನಗೆ ಕಂಡಿತು... ಅನ್ನಲಿಲ್ಲ. ಕಾಗದವನ್ನು ನನ್ನ ಕೈಗೆ ಕೊಟ್ಟರು.

ನಾನು ಓದಿದೆ. ಬೇರೇನು ಮಾಡಲಿ? ಆಯಿ ಕಲಿಸಿದ ಹಾಗೆ ಬಾಯಿಬಿಟ್ಟು, ಓಣಿಯ ಆ ತುದಿಗೆ ಕೇಳುವಂತೆ, ಕಿವಿ ಮಂದವಾದ ಆ ಹೆಂಗಸಿಗೂ ಒಂದಕ್ಷರ ತಪ್ಪದಂತೆ. ಐದನೆಯ ಸಾಲಿಗೆ ಎದುರು ಮಹಡಿಯ ಕಿಟಕಿ ತೆರೆಯಿತು. ಹತ್ತನೆಯದಕ್ಕೆ ಅಲ್ಲಿಂದ ನಗು. ಕೊಡೆಯವನು ತನ್ನ ಗುಂಪು ಸಮೇತ ಬಂದು ನಿಂತ. ಅವನಿಗೆ ಭಾಷೆ ಗೊತ್ತಿತ್ತಲ್ಲ, ಮುಖ ಕೆಂಪಾಗಿತ್ತು. ಗುಂಪಿನವರು ಅರ್ಥ ಕೇಳಿದರೆ ಹೇಳಲೊಲ್ಲ. ನಾನು ಓದುತ್ತಲೇ ಇದ್ದೆ. ಗೆಳತಿ ಮೊದಲು ನನ್ನ ಬಾಯಿ ನೋಡಿದಳು, ಆಮೇಲೆ ಅಜ್ಜಿಯನ್ನು, ಮತ್ತೆ ನನ್ನನ್ನು. ಕೋಲು ಕೈಬಿಟ್ಟಿತು. ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗಿನಷ್ಟು ದೊಡ್ಡ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ. ಅಜ್ಜಿ ಅವಳ ಪಕ್ಕ ಕೂತರು.

ನಾನು ಓದಿದ್ದು ಬೈಗುಳ. ಕಳಿಸದೆ ಇಟ್ಟುಕೊಂಡಿದ್ದ ಕಾಗದ. ಅಜ್ಜಿ ಆಮೇಲೆ ಒಂದೊಂದೇ ವಿವರಿಸಿದರು. 'ರಾಣಿಯ ಜೊತೆ ಚಹಾ ಕುಡಿಯುತ್ತಾ ನಮ್ಮನ್ನು ಮರೆತವಳೇ. ನಿನ್ನ ಒಲೆಯ ಮೇಲೆ ಆಲೂಗಡ್ಡೆ ಬೇಯದಿರಲಿ. ನಿನ್ನ ಬಟ್ಟೆ ಒಣಗಲು ಹಾಕಿದಾಗಲೆಲ್ಲ ಮಳೆ ಬರಲಿ. ನನ್ನ ಗಂಡ ಸತ್ತಾಗ ಎರಡು ಸಾಲು ಬರೆಯಲಾಗದ ನಿನ್ನ ಕೈಗೆ ಅಕ್ಷರ ಕಲಿಸಿದವರು ಯಾರು, ಅವರಿಗೂ ಧಿಕ್ಕಾರ.' ಲಂಡನ್ನಿನ ಮಟ್ಟಿಗೆ ಆ ಮಳೆಯ ಶಾಪ ಆಗಲೇ ತಗುಲಿತ್ತು ಎಂದರು ಅಜ್ಜಿ.

ಹೊಸ್ತಿಲ ಮೇಲೆ ಗೆಳತಿ, ಇವಳು ಯಾರು ಎಂದು ಕೇಳಿದಳಂತೆ. "ಇವಳೇ ನನ್ನ ಸಂಜೆ ಶಾಲೆ" ಎಂದರಂತೆ ಅಜ್ಜಿ. ಅದಕ್ಕೆ ಆಕೆ ಅಂದದ್ದು: "ಇಷ್ಟೇನಾ? ಇಷ್ಟಕ್ಕೆ ಹತ್ತು ವರ್ಷವಾ?"

ಮೂರು ದಿನ ಆ ಅಂಗಳದಲ್ಲಿದ್ದೆವು. ಬಾವಿಯ ಪಕ್ಕ ಕೂತು ಇಬ್ಬರೂ ಸತ್ತವರ ಲೆಕ್ಕ ಮಾಡುತ್ತಿದ್ದರು. ನನಗೆ ಬ್ರೆಡ್ಡು, ಟೊಮೆಟೊ, ಆಲಿವ್ ಎಣ್ಣೆ. ಮಾಂಸ ತಿನ್ನದವಳನ್ನು ಕಂಡು ಆಕೆಗೆ ಪಾಪ ಅನಿಸಿ ಪ್ರತಿ ಊಟಕ್ಕೂ ಮೊಟ್ಟೆ ಕೊಡಲು ಬರುತ್ತಿದ್ದಳು. ಹೊರಡುವ ಬೆಳಗ್ಗೆ ಕೋಲನ್ನು ಅಜ್ಜಿಯ ಕೈಗೆ ಕೊಟ್ಟು ಮೇಲಿನ ನಾಲ್ಕು ಕುಂಡ ತೋರಿಸಿದಳು, ಅವು ಹಿಂದೆ ಅಜ್ಜಿಯ ಪಾಲಿನವಂತೆ. ಅಜ್ಜಿಯ ಭುಜ ಏಳಲಿಲ್ಲ. ನೀರೆಲ್ಲ ನಮ್ಮಿಬ್ಬರ ತಲೆಯ ಮೇಲೆ.

ಕ್ರೋಯ್ಡನ್ನಿಗೆ ಬಂದ ಮೇಲೆ ಕಾಗದಗಳ ಸುಗ್ಗಿ. ಆಕೆಗೆ ಫೋನು ಕೇಳಿಸದು, ಹಾಗಾಗಿ ಕಾಗದವೇ. ಈಗ ಬರೆಯುವವಳೂ ನಾನೇ. ಅಜ್ಜಿ ಹೇಳಿದ್ದನ್ನು ಕಿವಿಗೆ ಬಿದ್ದಂತೆ ಬರೆಯುತ್ತಿದ್ದೆ. ಆಕೆ ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಉತ್ತರದ ಜೊತೆ ವಾಪಸ್ ಕಳಿಸುತ್ತಿದ್ದಳು. ಒಮ್ಮೆ ಕೆಳಗೆ, 'ವಿದ್ಯಾರ್ಥಿನಿಯ ಪ್ರಗತಿ ಸಾಲದು' ಎಂದು ಬರೆದಿದ್ದಳಂತೆ. ಇದು ನಾಲ್ಕೈದು ವರ್ಷ ನಡೆಯಿತು.

ಒಂದು ಚಳಿಗಾಲದಲ್ಲಿ ಅಜ್ಜಿಗೆ ಪಾರ್ಶ್ವವಾಯು ಬಡಿದು, ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಹೋದರು. ನಾನು ದಿನವೂ ಹೋಗಿ ಹಳೆಯ ಕಾಗದಗಳನ್ನು ಓದುತ್ತಿದ್ದೆ. ಕೇಳಿಸುತ್ತಿತ್ತೋ ಏನೋ... ಮಣ್ಣಿಗೆ ಬಂದವರು ಏಳು ಜನ. ಆಮೇಲೆ ಕೌನ್ಸಿಲ್ಲಿನವರು ಮನೆ ಖಾಲಿ ಮಾಡಿದರು.

ಗೆಳತಿಗೆ ತಿಳಿಸಬೇಕಾದವಳು ನಾನು. ಬೇರೆ ಯಾರಿದ್ದರು? ಆದರೆ ನನಗೆ ಆ ಭಾಷೆ ಬರುತ್ತಿರಲಿಲ್ಲ. ಶಬ್ದ ನನ್ನದು, ಅರ್ಥ ಅಜ್ಜಿಯ ಕೆಲಸವಾಗಿತ್ತು. ಮಗಳು ಆಗ ಶಾಲೆಯಲ್ಲಿ ಸ್ಪ್ಯಾನಿಶ್ ಕಲಿಯುತ್ತಿದ್ದಳು. "ಅಮ್ಮ, ಐ ಕ್ಯಾನ್ ರೈಟ್ ಇಟ್ ಫಾರ್ ಯು" ಎಂದಳು. "ಬ್ಯಾಡವ್ವಾ, ನಾನ ಬರೀತೀನಿ" ಎಂದೆ. ಸಾವಿನ ಸುದ್ದಿಯನ್ನು ಹದಿನೈದು ವರ್ಷದ ಹುಡುಗಿಯ ಕೈಲಿ ಬರೆಸುವುದು ಬೇಡ, ಸರಿಯಾದ ನಾಲ್ಕು ಮಾತು ಹುಡುಕಿ ನಾನೇ ಬರೆಯಬೇಕು ಎಂದಿತ್ತು. ಒಂದು ವಾರ ಹೋಯಿತು, ಒಂದು ತಿಂಗಳು ಹೋಯಿತು. ಮೇ ತಿಂಗಳಲ್ಲಿ ಆಕೆಯ ಕಾಗದ ಬಂತು. ಕೆಳಗಿನ ಮನೆಗೆ ಹೊಸದಾಗಿ ಬಂದವರು ಮೇಲೆ ತಂದುಕೊಟ್ಟರು. ಕುಶಲ ಕೇಳಿದಂತೆ ಇತ್ತು, ಒಂದೆರಡು ಪದ ತಿಳಿದವು. ಈಗಂತೂ ಬರೆಯಲೇಬೇಕು ಎಂದುಕೊಂಡೆ. ಇಷ್ಟು ತಡವಾದದ್ದಕ್ಕೆ ಏನು ಹೇಳಲಿ ಎಂದು ಮತ್ತೆ ಮುಂದಕ್ಕೆ ಹಾಕಿದೆ.

ಕ್ರಿಸ್ಮಸ್ಸಿಗೆ ಮುಂಚೆ ಇನ್ನೊಂದು ಬಂತು. ಒಂದೇ ಪುಟ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅದನ್ನು ಗಟ್ಟಿಯಾಗಿ ಓದಿದೆ. ಒಂದೂ ತಪ್ಪಲಿಲ್ಲ. ಏನೂ ಅರ್ಥವಾಗಲಿಲ್ಲ. ಅರ್ಥವಾಗುವುದೇನಿದೆ, ಮತ್ತೆ ಬೈದಿರುತ್ತಾಳೆ, ಬೈಯಬೇಕಾದದ್ದೇ ಎಂದುಕೊಂಡು ಮಡಚಿಟ್ಟೆ. ಆಮೇಲೆ ನಾವು ಆ ಫ್ಲ್ಯಾಟು ಬಿಟ್ಟೆವು. ಒಡೆಯದ ಕಾಗದಗಳ ಜೊತೆ ಅಜ್ಜಿ ಹತ್ತು ವರ್ಷ ಹೇಗೆ ಕಳೆದರು ಎಂದು ಆಗೆಲ್ಲ ಆಶ್ಚರ್ಯಪಡುತ್ತಿದ್ದೆ. ಅದು ಬಹಳ ಸುಲಭ.

ಹೋದ ತಿಂಗಳು ಆ ಚರ್ಚಿನ ಗೋಡೆಯ ಹತ್ತಿರದಿಂದ ಮನೆಗೆ ಬಂದವಳು ಕಾಗದ ಹುಡುಕಿ ತೆಗೆದೆ. ಮಗಳು ಈಗ ಲಂಡನ್ನಿನ ಆ ತುದಿಯ ಎಜ್‌ವೇರಿನಲ್ಲಿದ್ದಾಳೆ, ಭಾನುವಾರ ಬಂದಳು. ಕೈಗೆ ಕೊಟ್ಟೆ. ಅವಳು ಓದುವುದು ಮನಸ್ಸಿನಲ್ಲೇ. ಓದಿ ಮುಗಿಸಿ, ಎಷ್ಟೋ ವರ್ಷದ ಮೇಲೆ ನನ್ನೊಡನೆ ಕನ್ನಡದಲ್ಲಿ ಮಾತಾಡಿದಳು.

"ಅಮ್ಮ, ಇದು ಅಜ್ಜಿಗೆ ಬರ್ದದ್ದಲ್ಲ. ನಿನಗ ಬರ್ದದ್ದು."

ಅದರಲ್ಲಿ ಇದ್ದದ್ದು ಇಷ್ಟು. 'ಓದುವವಳೇ, ಅವಳು ಹೋಗಿದ್ದಾಳೆ ಎಂದು ನನಗೆ ಅನಿಸುತ್ತಿದೆ. ನಿನಗೆ ನಮ್ಮ ಭಾಷೆ ಬರುವುದಿಲ್ಲ, ಬರೆಯುವ ಕಷ್ಟ ಪಡಬೇಡ. ಒಂದು ಖಾಲಿ ಲಕೋಟೆ ಕಳಿಸು. ನಾನು ತಿಳಿದುಕೊಳ್ಳುತ್ತೇನೆ. ಕಾಯುತ್ತಿರುತ್ತೇನೆ.'

ಇದನ್ನು ನಾನು ಒಂದಕ್ಷರ ತಪ್ಪಿಲ್ಲದೆ ಓದಿದ್ದೆ. ಹದಿನೆಂಟು ವರ್ಷದ ಹಿಂದೆ.

"ಶಿ ಮಸ್ಟ್ ಬಿ ಓವರ್ ನೈಂಟಿ ನೌ" ಎಂದಳು ಮಗಳು. ಇದ್ದರೆ, ಎಂದು ಅವಳು ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಮರುದಿನ ಲಕೋಟೆಯ ಮೇಲೆ ವಿಳಾಸ ಬರೆದು, ಅಂಟಿಸಿ, ಅಂಚೆ ಕಚೇರಿಗೆ ಹೋದೆ. ಕಿಟಕಿಯಲ್ಲಿದ್ದ ಹುಡುಗಿ ಅದನ್ನು ತಕ್ಕಡಿಯ ಮೇಲಿಟ್ಟು, ಬ್ರೆಕ್ಸಿಟ್ ಆದಮೇಲೆ ಯೂರೋಪಿಗೆ ಏನು ಕಳಿಸಿದರೂ ಕೇಳಬೇಕಾಗುತ್ತದೆ ಎಂದು ನಯವಾಗಿ ಹೇಳಿ ಕೇಳಿದಳು.

"ಒಳಗೆ ಏನಿದೆ?"

ಏನೂ ಇಲ್ಲ ಎಂದೆ.